ಜೂನ್ ಹದಿನೈದರ ಪಟ್ಟಿ

ಮೇ 14, 1984, ಸೋಮವಾರ

ಗೇಟಿನ ಕರಿಹಲಗೆಯ ಮೇಲೆ ಇವತ್ತು ‘ಇದೇ ದಿನ, 1769: ಸಿಡುಬಿಗೆ ಮೊದಲ ಲಸಿಕೆ’ ಎಂದು ಬರೆದಿತ್ತು. ಅದು 1796. ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲಿ ಚಿತ್ರದ ಕೆಳಗೇ ಇತ್ತು. ಟೀಗೆ ಬಿಟ್ಟಾಗ ಹೋಗಿ ದಾವಣಿಯ ತುದಿಯಿಂದ ಅಳಿಸಿ ತಿದ್ದಿದೆ.

ಮಧ್ಯಾಹ್ನ ವೆಂಕಟರಮಣಪ್ಪ ಸಾಹೇಬರು ಎಲ್ಲರನ್ನೂ ಹೊರಗೆ ಕರೆದರು. ಅವರು ಈ ರಬ್ಬರ್ ಫ್ಯಾಕ್ಟರಿಯ ಮಾಲೀಕರು, ದೊಡ್ಡ ಇಂಜಿನಿಯರ್. ಪೀಣ್ಯದ ಬೇರೆಲ್ಲ ಫ್ಯಾಕ್ಟರಿಗಳಲ್ಲಿ ಬಾಗಿಲಿಗೆ ದೇವರ ಪಟ ಇದ್ದರೆ ನಮ್ಮಲ್ಲಿ ಆ ಹಲಗೆ ಇದೆ. ವಿಜ್ಞಾನದಲ್ಲಿ, ಕೈಗಾರಿಕೆಯಲ್ಲಿ ಆಯಾ ತಾರೀಕಿಗೆ ಹಿಂದೆ ಏನಾಯಿತು ಎಂದು ಅವರೇ ದಿನಾ ಬರೆಯುತ್ತಾರೆ.

“ಯಾರು ಇದನ್ನ ಮುಟ್ಟಿದ್ದು?”

ನಲವತ್ತು ಜನ ನೆಲ ನೋಡಿದರು. ಪಕ್ಕದಲ್ಲಿದ್ದ ಮುನಿಯಕ್ಕ ನನ್ನ ತೋಳು ಚಿವುಟಿ “ಸುಮ್ಕಿರೇ ಲಚ್ಚಿ” ಎಂದಳು. ನಾವಿಬ್ಬರೂ ಒಂದೇ ಬೆಂಚಿನವರು. ಅಚ್ಚಿನಿಂದ ಬಂದ ರಬ್ಬರ್ ಉಂಗುರಗಳ ಅಂಚನ್ನು ಬ್ಲೇಡಿನಿಂದ ಕತ್ತರಿಸುವುದು ನಮ್ಮ ಕೆಲಸ.

“ನಾನೇ ಸಾರ್. ತಪ್ಪು ಬರ್ದಿತ್ತು” ಎಂದೆ.

ಸಾಹೇಬರು ಒಳಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದರು. ನಾನು ಹೇಳಿದ್ದೇ ಸರಿ. ಎಷ್ಟು ಓದಿದ್ದೀಯ ಅಂದರು, ಹತ್ತನೇ ಕ್ಲಾಸಿನ ಅರ್ಧ ಅಂದೆ. ಯಾಕೆ ಬಿಟ್ಟೆ ಅಂದರು, ಇದ್ದದ್ದನ್ನು ಹೇಳಿದೆ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಪ್ರಯೋಗಶಾಲೆಯಲ್ಲಿ ವಾರಕ್ಕೆರಡು ದಿನ ಪಾಠ ನಡೆಯುತ್ತದೆ ಎನ್ನಬೇಕೆಂದು ಹೆಡ್‌ಮಾಸ್ಟರು ನಮಗೆಲ್ಲ ಬಾಯಿಪಾಠ ಮಾಡಿಸಿದ್ದರು. ನನ್ನ ಸರದಿ ಬಂದಾಗ, ಅಲ್ಲಿ ಹೆಡ್‌ಮಾಸ್ಟರ ಈರುಳ್ಳಿ ಮೂಟೆ ಇವೆ ಅಂದುಬಿಟ್ಟೆ. ಆಮೇಲೆ ಆ ಶಾಲೆಯಲ್ಲಿ ನನಗೆ ಕೂರಲು ಜಾಗ ಸಿಗಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಈ ಡೈರಿ ಅವರೇ ಕೊಟ್ಟದ್ದು. ಇನ್ನು ವಾರಕ್ಕೆ ಎರಡು ಮಧ್ಯಾಹ್ನ ಕಬ್ಬನ್ ಪಾರ್ಕಿನ ಲೈಬ್ರರಿಗೆ ಹೋಗಿ ತಾರೀಕುಗಳನ್ನು ಹುಡುಕಿ ತರಬೇಕಂತೆ.

ಮೇ 18, ಶುಕ್ರವಾರ

ದಾಸರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಬ್ಬಳೇ ಬಸ್ಸಿನಲ್ಲಿ ಹೋದೆ. ಹತ್ತೊಂಬತ್ತು ವರ್ಷಕ್ಕೆ ಇದೇ ಮೊದಲು. ಅವ್ವ ಬೆಳಿಗ್ಗೆಯಿಂದ ಗೊಣಗುತ್ತಿದ್ದಳು. ಲೈಬ್ರರಿಯ ಪುಸ್ತಕಗಳೆಲ್ಲ ಇಂಗ್ಲಿಷಿನವು. ಒಂದು ಪುಟಕ್ಕೆ ಅರ್ಧ ಗಂಟೆ, ಪಕ್ಕದಲ್ಲಿ ನಿಘಂಟು. ಆದರೂ ಎದ್ದು ಬರಲು ಮನಸ್ಸಾಗಲಿಲ್ಲ. ಅಲ್ಲಿ ಯಾರೂ ಹೆಸರು ಹಿಡಿದು ಕೂಗುವುದಿಲ್ಲ. ಬೆರಳಿಗೆ ರಬ್ಬರಿನ ವಾಸನೆ ಇಲ್ಲ.

ಮೇ 24, ಗುರುವಾರ

ಇವತ್ತಿನ ಹಲಗೆ ನನ್ನದು. 1844, ಅಮೆರಿಕದ ಎರಡು ಊರುಗಳ ನಡುವೆ ತಂತಿ ಸಂದೇಶ. ಬೆಂಚಿನ ಹೆಂಗಸರು “ಬಂದ್ರಪ್ಪಾ ಲೈಬ್ರರಿ ಮೇಡಂ, ಜಾಗ ಬುಡಿ” ಎಂದು ಆಡಿಕೊಂಡರು. ಮುನಿಯಕ್ಕನ ಗಂಡ ಹನುಮಂತಯ್ಯ ಮಾವ ಹಲಗೆಯ ಮುಂದೆ ನಿಂತು, “ಅದೇನು ಬರ್ದಿದ್ದೀಯೋ ಓದವ್ವ” ಎಂದರು. ಅವರಿಗೆ ಓದು ಬರುವುದಿಲ್ಲ. ಫ್ಯಾಕ್ಟರಿಯ ಬಾಯ್ಲರು, ಹಬೆಯ ಕೆಲಸ ಪೂರ್ತಿ ಅವರದು. ಓದಿ ಹೇಳಿದೆ. “ತಂತೀಲಿ ಬರೋದು ಸಾವಿನ ಸುದ್ದಿ ತಾನೇ? ಅದಕ್ಕೂ ಹಬ್ಬನಾ?” ಎಂದು ನಕ್ಕರು.

ಸಾಹೇಬರು ಕರೆದು ಹೊಸ ಕೆಲಸ ಹೇಳಿದರು. ಮುಚ್ಚಿಹೋದ ಒಂದು ಮಿಲ್ಲಿನಿಂದ ದೊಡ್ಡ ಆಟೋಕ್ಲೇವ್ ಬರುತ್ತಿದೆ. ರಬ್ಬರ್ ಕೊಳವೆಗಳನ್ನು ಒಳಗಿಟ್ಟು, ಬಾಗಿಲು ಬಿಗಿದು, ಹಬೆ ತುಂಬಿ ಬೇಯಿಸುವ ಯಂತ್ರ. ಮಲಗಿಸಿದ ಇಡ್ಲಿ ಪಾತ್ರೆ ಎನ್ನಬಹುದು, ಆದರೆ ಒಳಗೆ ಎತ್ತಿನ ಗಾಡಿ ನಿಲ್ಲುತ್ತದೆ. ನಮ್ಮವರು ಅದನ್ನು ಹಂಡೆ ಎನ್ನುತ್ತಾರೆ.

“ಜೋಯಿಸರು ಮುಹೂರ್ತ ನೋಡ್ತಾರೆ. ನಾವು ಇತಿಹಾಸ ನೋಡೋಣ. ಜೂನ್‌ನಲ್ಲಿ ಒಂದು ಒಳ್ಳೇ ತಾರೀಕು ಹುಡುಕಮ್ಮ” ಎಂದರು.

ಮೇ 29, ಮಂಗಳವಾರ

ಸಿಕ್ಕಿತು. 1844, ಜೂನ್ 15. ರಬ್ಬರಿಗೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಗುಡ್‌ಇಯರ್ ಎಂಬಾತನಿಗೆ ಪೇಟೆಂಟ್ ಸಿಕ್ಕ ದಿನ. ನಾವು ದಿನಾ ಮಾಡುವ ಕೆಲಸವೇ ಅದು. ಈ ಜೂನ್ 15ಕ್ಕೆ ಸರಿಯಾಗಿ ನೂರ ನಲವತ್ತು ವರ್ಷ. ಆ ಸಾಲನ್ನು ಎರಡು ಸಲ ಬರೆದುಕೊಂಡೆ.

ಸಾಹೇಬರು ಕುರ್ಚಿಯಿಂದ ಎದ್ದು ನಿಂತು ಕೈ ಕುಲುಕಿದರು. ಗಂಡಸೊಬ್ಬರು ನನ್ನ ಕೈ ಕುಲುಕಿದ್ದು ಇದೇ ಮೊದಲು. ಅವ್ವನಿಗೆ ಹೇಳಲಿಲ್ಲ.

ಜೂನ್ 2, ಶನಿವಾರ

ಆ ದಿನ ಏನೇನಾಯಿತು ಎಂಬ ಪಟ್ಟಿ ಅಚ್ಚು ಹಾಕಿಸಿ ಅತಿಥಿಗಳಿಗೆ ಹಂಚುತ್ತಾರಂತೆ. ಕೊನೆಯಲ್ಲಿ ‘ಸಂಗ್ರಹ: ಕುಮಾರಿ ಮುನಿಲಕ್ಷ್ಮಿ’ ಎಂದು ಇರುತ್ತದೆ. ಮೈಕಿನಲ್ಲಿ ನಾನೇ ಓದಬೇಕು.

ನನಗೆ ಸಿಕ್ಕಿದ್ದು ಇಷ್ಟು. 1667, ಫ್ರಾನ್ಸಿನ ವೈದ್ಯನೊಬ್ಬ ಕುರಿಮರಿಯ ರಕ್ತವನ್ನು ಹುಡುಗನೊಬ್ಬನ ಮೈಗೆ ಹರಿಸಿದ, ಹುಡುಗ ಬದುಕಿದ. 1752, ಸಿಡಿಲಿಗೆ ಗಾಳಿಪಟ ಹಾರಿಸಿದ ಫ್ರಾಂಕ್ಲಿನ್. 1919, ಇಬ್ಬರು ಒಂದೇ ಹಾರಾಟದಲ್ಲಿ ಅಟ್ಲಾಂಟಿಕ್ ಸಾಗರ ದಾಟಿ ಇಳಿದರು. ಮತ್ತೆ 1904. ನ್ಯೂಯಾರ್ಕಿನಲ್ಲಿ ಹೆಂಗಸರು ಮಕ್ಕಳು ಪ್ರವಾಸ ಹೊರಟಿದ್ದ ಹಬೆಯ ಹಡಗಿಗೆ ಬೆಂಕಿ ಬಿತ್ತು. ಬೆಂಕಿ ಆರಿಸುವ ನೀರಿನ ಕೊಳವೆಗಳು ಒತ್ತಡಕ್ಕೆ ಒಡೆದುಹೋದವು, ಮುಳುಗದಂತೆ ತೊಡುವ ಅಂಗಿಗಳು ಲಡ್ಡಾಗಿದ್ದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ತಿಂಗಳಷ್ಟೇ ಹಡಗನ್ನು ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದರಂತೆ.

ಗಾಳಿಪಟದ ತಾರೀಕನ್ನು ಒಂದು ಪುಸ್ತಕ 10 ಎನ್ನುತ್ತದೆ, ಇನ್ನೊಂದು 15 ಎಂದು ಸಾಹೇಬರಿಗೆ ಹೇಳಿದೆ. ತಕ್ಷಣ ಹೊಡೆದುಹಾಕಿದರು. “ಅನುಮಾನ ಇರೋದು ಒಂದೂ ಬೇಡ. ತಾರೀಕಿನ ವಿಷಯದಲ್ಲಿ ನಿನ್ನ ಮಾತೇ ಕೊನೆ.” ಹಡಗನ್ನೂ ಹೊಡೆದರು. ಅದರ ತಾರೀಕು ಸರಿಯಾಗಿದೆ ಸಾರ್ ಅಂದೆ. “ಮದುವೆ ಮನೇಲಿ ತಿಥಿ ಮಂತ್ರ ಓದ್ತಾರೇನಮ್ಮ?”

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಬರೆಯದೆ ಬಿಡುವುದು ಸುಳ್ಳಲ್ಲ. ಇಲ್ಲದ್ದನ್ನು ಬರೆದರೆ ಸುಳ್ಳು.

ಜೂನ್ 7, ಗುರುವಾರ

ಹಂಡೆ ನಿನ್ನೆ ಲಾರಿಯಲ್ಲಿ ಬಂತು. ಹೊಸ ಬಣ್ಣ ಬಳಿದಿದ್ದಾರೆ, ಒಳಗಿನಿಂದ ಮಾತ್ರ ಹಳೆಯ ಬಾವಿಯ ವಾಸನೆ. ಬಾಗಿಲಿನ ಸುತ್ತ ಹದಿನಾರು ಬೋಲ್ಟು. ಒಂದೊಂದನ್ನೂ ಹಿಡಿಯಲು ಅಂಚಿಗೆ ಬೆಸೆದ ದಪ್ಪ ಕಬ್ಬಿಣದ ಕಿವಿ.

ಊಟದ ಹೊತ್ತಿನಲ್ಲಿ ಹನುಮಂತಯ್ಯ ಮಾವ ಸಣ್ಣ ಸುತ್ತಿಗೆ ಹಿಡಿದು ಕಿವಿಗಳನ್ನು ಒಂದೊಂದಾಗಿ ತಟ್ಟುತ್ತಿದ್ದರು. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ. ಟಣ್, ಟಣ್, ಟಣ್. ನಾಲ್ಕನೆಯದು ಟಣ್ ಎನ್ನಲಿಲ್ಲ.

“ಕೇಳ್ತಾ?” ಎಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನೂ ತಟ್ಟಿದೆ. ಮೂರನೆಯದು ಗಂಟೆ, ಐದನೆಯದು ಗಂಟೆ, ನಡುವಿನದು ಬಿರುಕು ಬಿಟ್ಟ ಮಡಕೆ. ನನ್ನ ಕಿವಿಗೂ ಸ್ಪಷ್ಟವಾಗಿ ಕೇಳಿತು.

“ಬೆಸುಗೆ ಒಳಗೇ ಬಿಟ್ಕಂಡದೆ ಕಣವ್ವ. ಮೇಲೆ ಬಣ್ಣ ಬಳ್ದವ್ರೆ, ಕಾಣಕ್ಕಿಲ್ಲ.” ಹಬೆ ತುಂಬುವ ಮೊದಲು ಹಂಡೆಗೆ ನೀರು ತುಂಬಿ ಪಂಪಿನಿಂದ ಒತ್ತಿ ನೋಡಬೇಕಂತೆ. ಬಿರುಕಿದ್ದರೆ ನೀರು ಜಿನುಗುತ್ತದೆ, ಅಷ್ಟೇ. ಹಬೆಯಾದರೆ ಜಿನುಗುವುದಿಲ್ಲ. ಆ ಪಂಪು ಬಾಡಿಗೆಗೆ ಬರಬೇಕು. 18ನೇ ತಾರೀಕು ಸೋಮವಾರ ಕಳಿಸುತ್ತೇವೆ ಎಂದಿದ್ದಾರಂತೆ.

ಜೂನ್ 11, ಸೋಮವಾರ

ಫ್ಯಾಕ್ಟರಿಯಲ್ಲಿ ಎಲ್ಲ ಗುಸುಗುಸು. 15 ಶುಕ್ರವಾರ, ಹಂಡೆಗೆ ಹಬೆ ಬಿಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಸಾಹೇಬರು ಬೇಕೆಂತಲೇ ಆ ಹೊತ್ತನ್ನು ಇಟ್ಟಿದ್ದಾರೆ. ನಾಲ್ಕು ಜನ ಹೋಗಿ, ಹೊತ್ತು ಬದಲಾಯಿಸಿ, ಒಂದು ಕುಂಬಳಕಾಯಿಯಾದರೂ ಒಡೆಯಲು ಬಿಡಿ ಎಂದು ಕೇಳಿಕೊಂಡರಂತೆ. ಸಾಹೇಬರು ಕೂಗಾಡಿದ್ದು ನಮ್ಮ ಬೆಂಚಿನವರೆಗೂ ಕೇಳಿಸಿತು. “ನೂರ ನಲವತ್ತು ವರ್ಷದ ವಿಜ್ಞಾನ ಒಂದು ಕಡೆ, ನಿಮ್ಮ ಕುಂಬಳಕಾಯಿ ಒಂದು ಕಡೆ!”

ನನಗೂ ನಗು ಬಂತು. ಈ ಜನ ಬದಲಾಗುವುದಿಲ್ಲ. ಮುನಿಯಕ್ಕ ನಗಲಿಲ್ಲ. “ನಿಮ್ಮ ಮಾವ ರಾತ್ರಿಯೆಲ್ಲ ಮಗ್ಗುಲು ಬದಲಾಯಿಸ್ತಾರೆ ಕಣೇ. ರಾಹುಕಾಲಕ್ಕಲ್ಲ” ಎಂದಳು.

ಪಟ್ಟಿಯ ಅಚ್ಚು ಬಂದಿದೆ. ತಿಳಿ ಹಳದಿ ಕಾಗದ. ನನ್ನ ಹೆಸರಿನಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಜೂನ್ 12, ಮಂಗಳವಾರ

ಸಂಜೆ ಬಸ್ ಸ್ಟಾಪಿನವರೆಗೆ ಹನುಮಂತಯ್ಯ ಮಾವ ಜೊತೆಯಲ್ಲೇ ಬಂದರು. ಅರ್ಧ ದಾರಿಯಲ್ಲಿ ಕೇಳಿದರು.

“ಲಚ್ಚವ್ವ, ಆ ತಾರೀಕು ನೀನೇ ಹುಡುಕಿದ್ದಂತೆ?”

“ಹೂಂ ಮಾವ.”

“ಅದು 18 ಅಂತ ಯೋಳ್ಬುಡು. ಇನ್ನೊಂದು ಪುಸ್ತಕದಲ್ಲಿ ಅಂಗೈತೆ ಅನ್ನು. ಪಂಚಾಂಗದಾಗೆ ಒಬ್ಬ ಒಂದು ದಿನ ಯೋಳ್ತಾನೆ, ಇನ್ನೊಬ್ಬ ಇನ್ನೊಂದು. ಮೂರೇ ದಿನ ಕಣವ್ವ. ಸೋಮವಾರ ಬೆಳಿಗ್ಗೆ ಪಂಪು ಬತ್ತದೆ, ಮಧ್ಯಾನಕ್ಕೆ ನೀರು ಹಾಕಿ ನೋಡ್ತೀನಿ. ಸರಿಗಿದ್ರೆ ಸಂಜೇಕೇ ಹಬೆ ಬುಡಾನ.”

“ಅದು ಸುಳ್ಳಾಗ್ತದೆ ಮಾವ.”

“ಸುಳ್ಳೇಯ. ಯಾರಿಗೆ ನಷ್ಟ?”

“ನಾನು ಸುಳ್ಳು ಹೇಳೋಳಾಗಿದ್ರೆ ಇಷ್ಟೊತ್ತಿಗೆ ಸ್ಕೂಲ್ ಮುಗಿಸಿರ್ತಿದ್ದೆ.”

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. “ಆ ಬಾಗಿಲ ಪಕ್ಕ ನಿಂತ್ಕಳೋನು ನಾನು” ಎಂದರು, ಅಷ್ಟೇ.

ನಿಜವನ್ನೇ ಹೇಳೋಣ, ನಾಳೆ ಇಬ್ಬರೂ ಸಾಹೇಬರ ಹತ್ತಿರ ಹೋಗೋಣ ಎಂದೆ. ತಲೆಯಾಡಿಸಿದರು. ಬಸ್ಸು ಬಂತು. ಹೊರಟು ಎಷ್ಟೋ ಹೊತ್ತಾದ ಮೇಲೆ ನೋಡಿಕೊಂಡರೆ ಹಳದಿ ಪಟ್ಟಿಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮುದುರಿಬಿಟ್ಟಿದ್ದೆ. ಪುಣ್ಯಕ್ಕೆ ಇನ್ನೂ ಐದು ಪ್ರತಿ ಇವೆ.

ಜೂನ್ 13, ಬುಧವಾರ

ಹೋದೆವು. ಮಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನಾಲ್ಕನೇ ಕಿವಿಯ ಸದ್ದು ಬಿದ್ದುಹೋಗಿದೆ, ಪಂಪು ಬರುವವರೆಗೆ ಕಾಯಬೇಕು ಎಂದರು. ಸಾಹೇಬರು ಪೂರ್ತಿ ಕೇಳಿದರು, ಕೂಗಾಡಲಿಲ್ಲ.

“ಹನುಮಂತಯ್ಯ, ಮೊನ್ನೆ ರಾಹುಕಾಲ. ಇವತ್ತು ಸದ್ದು. ನಾಳೆ ಹಲ್ಲಿ ಲೊಚಗುಟ್ಟಿತು ಅಂತ ಬರ್ತೀರಿ.”

“ಅದು ಬೇರೆ ಸಾಮಿ, ಇದು ಬೇರೆ.”

“ಎಲ್ಲ ಒಂದೇ. ನೋಡಿ, ಮಿಲ್ಲಿನವರು ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್ ಇದೆ.” ಗಾಜಿನ ಕೆಳಗಿದ್ದ ಕಾಗದವನ್ನು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀನೂ ತಟ್ಟಿ ನೋಡಿದೆಯಂತೆ. ನಿನಗೆ ಕೇಳಿಸ್ತೇನಮ್ಮ? ನೀನು ಹೇಳಿದ್ರೆ ನಂಬ್ತೀನಿ.”

ನಾನು ಯೋಚಿಸಿದೆ. ತಟ್ಟಿದ್ದು ಒಂದೇ ಸಲ. ಬೆಸುಗೆಯ ವಿಷಯ ನನಗೇನು ಗೊತ್ತು? ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಬಾರದು.

“ಖಚಿತವಾಗಿ ಹೇಳೋಕಾಗಲ್ಲ ಸಾರ್” ಎಂದೆ. ಅದು ಸತ್ಯವೇ.

ಹೊರಗೆ ಬಂದ ಮೇಲೆ ಮಾವ ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ಕೆಲಸ ಬಿಟ್ಟುಬಿಡಿ ಎಂದು ಮುನಿಯಕ್ಕ ಅಳುತ್ತಿದ್ದಳು. “ನಾ ನಿಲ್ಲದೆ ಹೋದ್ರೆ ಆ ಹೊಸ ಹುಡುಗನ್ನ ನಿಲ್ಲಿಸ್ತಾರೆ. ಅವನಿಗೆ ವಾಲ್ವು ಎಡಕ್ಕೋ ಬಲಕ್ಕೋ ಗೊತ್ತಿಲ್ಲ” ಎಂದರು.

ಜೂನ್ 14, ಗುರುವಾರ

ಶಾಮಿಯಾನ ಹಾಕಿದರು. ಮೈಕಿನಲ್ಲಿ ಎರಡು ಸಲ ಓದಿ ನೋಡಿದೆ. ‘ವೈದ್ಯ’ ಎನ್ನುವಾಗ ನಾಲಿಗೆ ತೊಡರುತ್ತದೆ. ಮಳೆ ಬರುವ ಹಾಗಿದೆ. ಅವ್ವ ತನ್ನ ಮದುವೆಯ ಸೀರೆ ತೆಗೆದುಕೊಟ್ಟಳು.

ಜೂನ್ 16, ಶನಿವಾರ

ನನಗೆ ಏನೂ ಆಗಿಲ್ಲ. ಎಡಗಿವಿ ಮಾತ್ರ ಗುಂಯ್ ಎನ್ನುತ್ತಿದೆ.

ಜೂನ್ 18, ಸೋಮವಾರ

ಇವತ್ತು ಬರೆಯಬಲ್ಲೆ ಅನ್ನಿಸುತ್ತಿದೆ.

ಅತಿಥಿಗಳ ಕುರ್ಚಿಗಳನ್ನು ಹಂಡೆಯ ಬಾಗಿಲಿನ ನೇರಕ್ಕೆ ಹಾಕಿದ್ದರು. ಹನುಮಂತಯ್ಯ ಮಾವ ಬೆಳಿಗ್ಗೆ ಬೇಗ ಬಂದು ಯಾರನ್ನೂ ಕೇಳದೆ ಎಲ್ಲವನ್ನೂ ಪಕ್ಕಕ್ಕೆ ಎಳೆದು ಹಾಕಿದರು. ಬೆಂಚಿನ ಹೆಂಗಸರನ್ನು ಗೋದಾಮಿನ ಗೋಡೆಯ ಹಿಂದೆ ನಿಲ್ಲಿಸಿದರು. “ಬಿಸಿಲು ಹೊಡೀತದೆ ಅಲ್ಲೇ ಇರಿ” ಎಂದರು. ಬಿಸಿಲು ಇರಲೇ ಇಲ್ಲ.

ಹನ್ನೊಂದಕ್ಕೆ ಹಬೆ ಬಿಟ್ಟರು. ನಾನು ಓದಲು ಶುರುಮಾಡಿದೆ. ಕುರಿಮರಿಯ ರಕ್ತ ಮುಗಿದು, ಗುಡ್‌ಇಯರ್ ಹೆಸರು ಹೇಳಿದಾಗ ಚಪ್ಪಾಳೆ ಬಿತ್ತು. ತಲೆಯೆತ್ತಿ ನೋಡಿದೆ. ಬಾಗಿಲಿನ ಒಂದು ಕಡೆಯಿಂದ ದಾರದಷ್ಟು ಬಿಳಿ ಹಬೆ ಏಳುತ್ತಿತ್ತು. ಮಾವ ಅದನ್ನು ನೋಡಿ ವಾಲ್ವಿನ ಕಡೆ ಓಡಿದರು, ಮುಚ್ಚಲು. ನಾನು ಮುಂದಿನ ಸಾಲು ಓದಿದೆ. ಯಾಕೆ ಓದಿದೆನೋ ಗೊತ್ತಿಲ್ಲ.

ಸದ್ದು ನನಗೆ ಕೇಳಿಸಲೇ ಇಲ್ಲ. ಶಾಮಿಯಾನ ಮೇಲೆದ್ದು ಕೆಳಗೆ ಬಿತ್ತು. ಬಾಗಿಲು ಕಾಂಪೌಂಡ್ ಗೋಡೆಯನ್ನು ಒಡೆದು ಪಕ್ಕದ ಖಾಲಿ ಸೈಟಿನಲ್ಲಿ ಬಿದ್ದಿತ್ತು; ಕುರ್ಚಿಗಳು ಮೊದಲಿದ್ದ ಜಾಗದ ಮೇಲೆಯೇ ಹಾದುಹೋಗಿತ್ತು. ಅತಿಥಿಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ವಾಲ್ವಿನ ಹತ್ತಿರ ಇದ್ದವರು ಮಾವ ಒಬ್ಬರೇ.

ಇವತ್ತು ಪಂಪು ಬಂತು. ಬೇಡವೆಂದು ಹೇಳಲು ಯಾರಿಗೂ ನೆನಪಾಗಿರಲಿಲ್ಲ. ಡ್ರೈವರ್ ಗೇಟಿನಲ್ಲಿ ಅರ್ಧ ಗಂಟೆ ಹಾರ್ನ್ ಹೊಡೆದು, ಕೊನೆಗೆ ಇಳಿಸಿ ಹೋದ.

ಜೂನ್ 19, ಮಂಗಳವಾರ

ಮಾವ ಹೋದರು. ಬೆಳಿಗ್ಗೆ ಆರೂವರೆಗೆ, ಆಸ್ಪತ್ರೆಯಲ್ಲಿ.

ಜೂನ್ 26, ಮಂಗಳವಾರ

ವಿಚಾರಣೆಗೆ ಅಧಿಕಾರಿ ಬಂದಿದ್ದರು. ಸಾಹೇಬರು ಗಡ್ಡ ತೆಗೆದಿರಲಿಲ್ಲ. ಹತ್ತೇ ದಿನದಲ್ಲಿ ಮುದುಕರಾಗಿದ್ದಾರೆ, ನೋಡಿ ಪಾಪ ಅನ್ನಿಸಿತು. ಅಧಿಕಾರಿ ನನ್ನನ್ನೂ ಕರೆದು, ಮೊದಲೇ ಏನಾದರೂ ದೋಷ ಕಂಡಿತ್ತಾ ಎಂದು ಕೇಳಿದರು. ಹನುಮಂತಯ್ಯನವರಿಗೆ ಸದ್ದಿನ ಬಗ್ಗೆ ಅನುಮಾನವಿತ್ತು ಎಂದು ಹೇಳಿದೆ. ಅದನ್ನು ಮುಚ್ಚಿಡಲಿಲ್ಲ. ನಿನಗೇನಾದರೂ ಕೇಳಿಸಿತಾ ಎಂದರು. ನನಗೆ ಏನೂ ಕೇಳಿಸಲಿಲ್ಲ ಎಂದೆ. ತಟ್ಟಿ ನೋಡಿದ ದಿನ ರಸ್ತೆಯಲ್ಲಿ ಲಾರಿಗಳ ಸದ್ದು ಬೇರೆ ಬಹಳ ಇತ್ತು.

ಬರೆದುಕೊಂಡು ಸಹಿ ಮಾಡಿಸಿದರು. ಮುಂದಿನ ತಿಂಗಳಿಂದ ನನಗೆ ಆಫೀಸಿನೊಳಗೆ ಕೆಲಸ. ಬೆಂಚಿಗೆ ಹೋಗಬೇಕಾಗಿಲ್ಲ.

ಜುಲೈ 1, ಭಾನುವಾರ

ಮುನಿಯಕ್ಕನ ಮನೆಗೆ ಇವತ್ತು ಹೋದೆ. ಅವ್ವ ದಿನಾ ಹೋಗು ಹೋಗು ಎನ್ನುತ್ತಿದ್ದಳು. ಬಂದಿದ್ದ ನೆಂಟರೆಲ್ಲ ಹೊರಟುಹೋಗಿದ್ದರು. ಮುನಿಯಕ್ಕ ಬಾಗಿಲಲ್ಲಿ ಕುಳಿತು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನೂ ಕುಳಿತು ಆರಿಸಿದೆ.

“ಲಚ್ಚಿ, ಒಂದು ಕೇಳ್ತೀನಿ. ಇದ್ದಂಗೆ ಯೋಳ್ಬೇಕು.”

“ಕೇಳಕ್ಕ.”

“ತಾರೀಕು ಬದಲಾಯಿಸು ಅಂತ ನಿನ್ನ ಕೇಳಿದ್ದೆ ಅಂತ ಅವರು ಅಂದಿದ್ರು. ನೀನು ಒಪ್ಪಲಿಲ್ಲ ಅಂತ. ಬೇಜಾರು ಮಾಡ್ಕಳ್ಲಿಲ್ಲ ಕಣೇ, ಆ ಹೆಣ್ಣಿನ ಬಾಯಲ್ಲಿ ಸುಳ್ಳು ಬರಾಕಿಲ್ಲ ಅಂದ್ರು, ಅಷ್ಟೇಯ.” ಮೊರವನ್ನು ಪಕ್ಕಕ್ಕಿಟ್ಟಳು. “ಆದ್ರೂ ನಂಗೆ ನಿದ್ದೆ ಬರಾಕಿಲ್ಲ. ನೀನು ಆವತ್ತು ಆ ಒಂದು ಮಾತು ಅಂದಿದ್ರೆ, ಸಾಹೇಬ್ರು ನಿಲ್ಲಿಸ್ತಿದ್ರಾ?”

“ಇಲ್ಲಕ್ಕ” ಎಂದೆ. “ಅವರು ನಿಲ್ಲಿಸ್ತಿರಲಿಲ್ಲ. ಯಾರ ಮಾತೂ ಕೇಳೋರಲ್ಲ ಅವರು. ನಂದಂತೂ ಇಲ್ಲವೇ ಇಲ್ಲ.”

ಅವಳು ನನ್ನ ಕಣ್ಣನ್ನೇ ನೋಡಿದಳು. ಆಮೇಲೆ ಉಸಿರು ಬಿಟ್ಟಳು, ದೊಡ್ಡ ಹೊರೆ ಇಳಿಸಿದವಳ ಹಾಗೆ. “ಅಂಗಾರೆ ಸರಿ ಬುಡು. ನೀನು ಯೋಳಿದ್ಮೇಲೆ ಮುಗೀತು. ಬೇರೆ ಯಾರು ಯೋಳಿದ್ರೂ ನಾ ನಂಬ್ತಿರಲಿಲ್ಲ.” ನನ್ನ ತಲೆ ಸವರಿ ಅತ್ತಳು. ಅಳಲಿ ಎಂದು ಬಿಟ್ಟೆ. ಪಾಪ, ಇಷ್ಟು ದಿನ ಅದೊಂದನ್ನೇ ಹಿಡಿದುಕೊಂಡು ಕೊರಗಿದ್ದಳು.

ಬರುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅವ್ವ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಬಹಳ ದಿನಗಳ ಮೇಲೆ ಹಸಿವಾಗಿತ್ತು. ಎರಡು ಮುದ್ದೆ ಉಂಡೆ.